ಬರೆದಷ್ಟೇ ನೀರು

ನಮ್ಮ ಕಡೆ ನೀರಿನ ವಿಷಯದಲ್ಲಿ ಯಾರೂ ನಿಜ ಹೇಳುವುದಿಲ್ಲ. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ ಎನ್ನೋಣವೆಂದರೆ ಅದೂ ಸುಳ್ಳಾಗುತ್ತದೆ. ಪಕ್ಕದ ಹೊಲದವನು ಕೇಳಿದರೆ ‘ಅರ್ಧ ಇಂಚು ಬರ್ತಾ ಐತೆ ಕಣಪ್ಪ, ಇವತ್ತೋ ನಾಳೆಯೋ ನಿಂತೋಗುತ್ತೆ’ ಎಂದು ಮುಖ ಸಣ್ಣಗೆ ಮಾಡುವ ಮನುಷ್ಯ, ಹೆಣ್ಣಿನ ಕಡೆಯವರು ತೋಟ ನೋಡಲು ಬಂದಾಗ ಅದೇ ಬೋರಿಗೆ ಮೂರಿಂಚು ಎನ್ನುತ್ತಾನೆ. ಇಂಚು ಎಂದರೆ ಕೊಳವೆಬಾವಿಯಿಂದ ಬೀಳುವ ನೀರಿನ ದಪ್ಪಕ್ಕೆ ನಮ್ಮಲ್ಲಿರುವ ಲೆಕ್ಕ. ಬೀಗರಾಗುವವರು ಬರುವ ದಿನ ಅಣ್ಣತಮ್ಮಂದಿರ ಬೋರಿನ ಪೈಪನ್ನೂ ಎಳೆದು ತಂದು ಅದೇ ತೊಟ್ಟಿಗೆ ಬಿಡುವುದುಂಟು. ತೊಟ್ಟಿ ತುಂಬಿ ತುಳುಕುತ್ತದೆ. ಹೇಗೆ ತುಂಬಿತು ಎಂದು ಬಂದವರು ಕೇಳುವುದಿಲ್ಲ, ಅವರ ಊರಲ್ಲೂ ನಡೆಯುವುದು ಅದೇ.

ಇದೆಲ್ಲ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಗೊತ್ತಿದ್ದೂ ಅದು ಒಂದು ದಿನ ನಮ್ಮ ಕುತ್ತಿಗೆಗೇ ಬರುತ್ತದೆ ಎಂದು ಎಣಿಸಿರಲಿಲ್ಲ.

ಕೋಲಾರದಿಂದ ನಮ್ಮ ಜಿಲ್ಲೆ ಬೇರೆಯಾದ ಆಸುಪಾಸಿನ ವರ್ಷಗಳು. ನಾನು ಚಿಕ್ಕಬಳ್ಳಾಪುರದಲ್ಲಿ, ಗೌರಿಬಿದನೂರು ರಸ್ತೆಯ ಒಂದು ಶೆಡ್ಡಿನಲ್ಲಿ ಕೆಲಸಕ್ಕಿದ್ದೆ. ಅಲ್ಲಿ ಬಿಸಿಲಿನಿಂದ ಓಡುವ ನೀರಿನ ಪಂಪು ತಯಾರಾಗುತ್ತಿತ್ತು. ಅದನ್ನು ಹೊರದೇಶಕ್ಕೆ ಕಳಿಸಬೇಕೆಂದು ನಾವೆಲ್ಲ ಒದ್ದಾಡುತ್ತಿದ್ದೆವು. ಬಿ.ಎಸ್ಸಿ ಮುಗಿಸಿ ನಗರಗೆರೆಯಿಂದ ಬಂದು ಚಿಕ್ಕಮ್ಮನ ಮನೆಯಲ್ಲಿದ್ದ ನನಗೆ ಅಲ್ಲಿ ಸಿಕ್ಕಿದ್ದ ಕೆಲಸ ಇಷ್ಟು: ಇಂಗ್ಲಿಷಿನಲ್ಲಿ ಪತ್ರ ಬರೆಯುವುದು, ಬಸ್ ನಿಲ್ದಾಣದ ಹಿಂದಿನ ಸೈಬರ್ ಸೆಂಟರಿಗೆ ಹೋಗಿ ಮೇಲ್ ಮಾಡುವುದು, ವಾಪಸ್ ಬಂದು ‘ಉತ್ತರ ಬಂದಿಲ್ಲ ಸಾರ್’ ಎಂದು ಹೇಳುವುದು. ಹೇಳಿ ಹೇಳಿ ನನ್ನ ಬಾಯಿ ಸವೆದಿತ್ತು, ಕೇಳಿ ಕೇಳಿ ಅವರ ಕಿವಿ ಸವೆದಿತ್ತು.

ಶೆಡ್ಡಿನ ಮಾಲೀಕರು ಶಿಡ್ಲಘಟ್ಟದವರು. ಮನೆಯಲ್ಲಿ ತಲೆತಲಾಂತರದಿಂದ ರೇಷ್ಮೆ ನೂಲು ಬಿಚ್ಚುವ ಕಸುಬು. ಅಣ್ಣಂದಿರೆಲ್ಲ ಅದರಲ್ಲೇ ಉಳಿದರು. ಗೂಡು ಬೇಯುವ ವಾಸನೆ ಆಗದೆ ಇವರೊಬ್ಬರು ಸುಟ್ಟ ಮೋಟಾರಿಗೆ ತಂತಿ ಸುತ್ತುವ ಕೆಲಸ ಕಲಿತು ಹೊರಬಿದ್ದರು. ಬೇಸಿಗೆ ಬಂತೆಂದರೆ ರೈತರ ಮೋಟಾರುಗಳು ಅವರ ಅಂಗಡಿ ಮುಂದೆ ಸಾಲಾಗಿ ಬೀಳುತ್ತಿದ್ದವಂತೆ. ವೋಲ್ಟೇಜಿಲ್ಲದ ಕರೆಂಟಿಗೆ ಮೋಟಾರು ಸುಡುವುದು, ಇವರು ಸುತ್ತಿಕೊಡುವುದು, ಅದು ಮತ್ತೆ ಸುಟ್ಟು ಬರುವುದು. ‘ಸುಡೋದು ಕರೆಂಟು, ಬೈಸ್ಕೊಳ್ಳೋದು ನಾನು. ಅದಕ್ಕೇ ಕರೆಂಟೇ ಬೇಡದ ಮೋಟಾರು ಮಾಡಣ ಅಂತ ಕೂತೆ’ ಎನ್ನುತ್ತಿದ್ದರು. ಮಾಡಿಯೂ ಮಾಡಿದರು. ಬೆಂಗಳೂರಿನಿಂದ ಸೋಲಾರ್ ಪ್ಲೇಟು ತಂದು, ಮೋಟಾರನ್ನು ತಾವೇ ಕಟ್ಟಿ, ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಓಡಿಸಿದ ದಿನ ಇಡೀ ಬೀದಿಗೆ ಖರ್ಜೂರ ಹಂಚಿದರಂತೆ.

ನಮ್ಮ ರೈತರು ಬಂದು ನೋಡಿದರು. ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ.

‘ಎಷ್ಟಡಿಯಿಂದ ಎತ್ತುತ್ತೆ ಸಾಬ್ರೇ?’

‘ನೂರಡಿ.’

‘ನೂರಡೀಲಿ ನಮ್ಮತ್ರ ಧೂಳೈತೆ. ಧೂಳು ಎತ್ತುತ್ತಾ?’

ನಕ್ಕು, ಟೀ ಕುಡಿದು ಹೋದರು. ತಪ್ಪು ಅವರದ್ದಲ್ಲ. ನಮ್ಮಲ್ಲಿ ನೀರು ಪಾತಾಳಕ್ಕೆ ಇಳಿದು ಎಷ್ಟೋ ಕಾಲವಾಗಿತ್ತು. ಅಷ್ಟು ಆಳದಿಂದ ಎತ್ತಬೇಕಾದರೆ ಹೊಲದ ತುಂಬ ಪ್ಲೇಟು ಹಾಸಬೇಕು, ಆಮೇಲೆ ಬೆಳೆ ಎಲ್ಲಿ ಇಡುವುದು? ಹೀಗಾಗಿ ನೀರಿಲ್ಲದ ಊರಲ್ಲಿ ನೀರೆತ್ತುವ ಯಂತ್ರ ಮಾಡಿಟ್ಟುಕೊಂಡು, ಕೊಳ್ಳುವವರಿಗಾಗಿ ಸಮುದ್ರದಾಚೆ ನೋಡುತ್ತ ಕೂರುವ ಗತಿ ನಮಗೆ ಬಂತು.

ಆಗ ಬಂದವನು ಬೆಂಗಳೂರಿನ ಏಜೆಂಟ. ಯಾವಾಗಲೂ ಇಸ್ತ್ರಿ ಮಾಡಿದ ಅಂಗಿ, ಬಾಯಿ ತೆರೆದರೆ ‘ಬೆಳೆಯುತ್ತಿರುವ ಮಾರುಕಟ್ಟೆಗಳು’. ಆಫ್ರಿಕಾ ಬೆಳೆಯುತ್ತಿದೆ, ಅಲ್ಲಿಗೆ ಕಳಿಸೋಣ ಎನ್ನುತ್ತಿದ್ದ. ಕರೆಂಟಿಲ್ಲದ ಶೆಡ್ಡಿನಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತ ಕೂತ ನಾವೇನು ಬೆಳೆದು ಮುಗಿಸಿದ್ದೇವೆಯೇ ಎಂದು ನನಗೆ ಸಿಟ್ಟು ಬರುತ್ತಿತ್ತು. ಆದರೆ ತಾಂಜಾನಿಯಾದಲ್ಲಿ ಹಳ್ಳಿಗಳಿಗೆ ನೀರಿನ ವ್ಯವಸ್ಥೆ ಮಾಡುವ ಒಂದು ಸಂಸ್ಥೆಯನ್ನು ಹಿಡಿದುಕೊಟ್ಟವನು ಅವನೇ. ಅಲ್ಲಿಂದ ಬಂದ ಮೊದಲ ಮೇಲನ್ನು ನಾನು ಶೆಡ್ಡಿನಲ್ಲಿ ಕನ್ನಡ ಮಾಡಿ ಓದಿದೆ. ‘ನಮ್ಮ ಹಳ್ಳಿಗಳಲ್ಲಿ ಇಪ್ಪತ್ತು ಅಡಿಗೆ ನೀರಿದೆ. ಹೆಂಗಸರು ಹಗ್ಗದಲ್ಲಿ ಸೇದುತ್ತಾರೆ’ ಎಂದಿತ್ತು. ಲೇಥ್ ಯಂತ್ರದ ಮುಂದೆ ನಿಂತಿದ್ದವರೆಲ್ಲ ಕೆಲಸ ನಿಲ್ಲಿಸಿ ನನ್ನ ಮುಖ ನೋಡಿದರು. ನಾನೇ ತಪ್ಪು ಓದಿದೆನೆಂದು ಅವರ ಅನುಮಾನ.

ಪಂಪು ಎಷ್ಟು ನೀರು ಎತ್ತುತ್ತದೆ ಎಂಬ ಕೈಪಿಡಿ ಅಚ್ಚು ಹಾಕಿಸುವಾಗ ಏಜೆಂಟನಿಗೂ ಮಾಲೀಕರಿಗೂ ಜಗಳವಾಯಿತು. ‘ಎಲ್ಲ ಕಂಪನಿಯವರೂ ಸ್ವಲ್ಪ ಏರಿಸಿಯೇ ಬರೆಯೋದು ಸಾರ್, ಕೊಳ್ಳುವವರೂ ಸ್ವಲ್ಪ ಇಳಿಸಿಕೊಂಡೇ ಓದೋದು’ ಎಂದು ಅವನ ವಾದ. ಮಾಲೀಕರು ಒಪ್ಪಲಿಲ್ಲ. ಅವರ ತಂದೆ ಒಂದು ದಿನವೂ ತೇವದ ನೂಲನ್ನು ತೂಕಕ್ಕೆ ಹಾಕಿದವರಲ್ಲವಂತೆ. ತೇವ ಇದ್ದರೆ ನೂಲು ಹೆಚ್ಚು ತೂಗುತ್ತದೆ, ಮಾರುವವರಿಗೆ ಲಾಭ. ಮಾರುಕಟ್ಟೆಯಲ್ಲಿ ಬೇರೆಯವರ ನೂಲನ್ನು ಹಿಂಡಿ ನೋಡುತ್ತಿದ್ದ ವ್ಯಾಪಾರಿಗಳು ಅವರ ನೂಲನ್ನು ಮುಟ್ಟದೆ ತೂಗುತ್ತಿದ್ದರಂತೆ. ‘ಎತ್ತೋದು ಎಷ್ಟೋ ಅಷ್ಟೇ ಬರೀಯಮ್ಮ’ ಎಂದರು ನನಗೆ. ನಾನು ಅಷ್ಟೇ ಬರೆದೆ. ಏಜೆಂಟ ತಲೆ ಚಚ್ಚಿಕೊಂಡ.

ಕೊನೆಗೆ ಒಂದು ದಿನ ಮೇಲ್ ಬಂತು. ಆ ಸಂಸ್ಥೆಯ ಎಂಜಿನಿಯರ್ ಇಂಡಿಯಾಕ್ಕೆ ಬರುತ್ತಿದ್ದಾರೆ. ಕಾರ್ಖಾನೆಯ ತೊಟ್ಟಿಯಲ್ಲಿ ಓಡುವ ಪಂಪು ಅವರಿಗೆ ಬೇಡ. ನಿಜವಾದ ಬಾವಿಯಲ್ಲಿ, ರೈತರ ಹೊಲದಲ್ಲಿ ಓಡುವುದನ್ನು ನೋಡಬೇಕು, ನೀರನ್ನು ತಾವೇ ಅಳೆಯಬೇಕು. ಕೈಪಿಡಿಯಲ್ಲಿರುವಷ್ಟು ಬಂದರೆ ಒಂದಿಡೀ ಪ್ರಾಂತ್ಯದ ಹಳ್ಳಿಗಳಿಗೆ ನಮ್ಮ ಪಂಪೇ ಹೋಗುತ್ತದೆ. ಮಾಲೀಕರು ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ‘ಇದೊಂದು ಆಗ್ಲಿಲ್ಲ ಅಂದ್ರೆ ಶೆಡ್ ಬಿಟ್ಟುಕೊಡ್ತೀನಮ್ಮ. ಅಣ್ಣಂದಿರ ಹತ್ರ ಹೋಗಿ ಗೂಡು ಬೇಯಿಸ್ತೀನಿ’ ಎಂದರು. ಅದನ್ನು ತಮಾಷೆಯಾಗಿ ಹೇಳಲಿಲ್ಲ.

ಈಗ ಬಾವಿ ಹುಡುಕಬೇಕಾಯಿತು. ಇಪ್ಪತ್ತು ಮೂವತ್ತು ಅಡಿಗೆ ನೀರು ನಿಂತ ಒಂದು ಬಾವಿ. ಆ ತಿಂಗಳಿನಷ್ಟು ತಲೆ ಕೆಟ್ಟ ತಿಂಗಳು ನನ್ನ ಜೀವನದಲ್ಲಿ ಇನ್ನೊಂದಿಲ್ಲ. ಮಾಲೀಕರು, ನಾನು, ಶೆಡ್ಡಿನ ಟೆಂಪೊ. ಚಿಂತಾಮಣಿ ಕಡೆ ಒಬ್ಬ ಟೊಮೆಟೊ ಬೆಳೆಗಾರ ನಮ್ಮ ಗಾಡಿ ಕಂಡದ್ದೇ ಓಡಿಹೋಗಿ ಮೋಟಾರು ನಿಲ್ಲಿಸಿ ಬಂದ. ಗಿಡಗಳ ಬುಡದಲ್ಲಿ ಪೈಪು ಇನ್ನೂ ತೊಟ್ಟಿಕ್ಕುತ್ತಿತ್ತು.

‘ನೀರೆಲ್ಲ ಬತ್ತೋಗಿ ಕಾಲ ಆಯ್ತು ಸಾರ್’ ಎಂದ.

‘ಮತ್ತೆ ಈ ಟೊಮೆಟೊ?’ ಎಂದೆ ನಾನು.

‘ಇಬ್ಬನಿಗೆ ಬೆಳೀತಾವಮ್ಮ’ ಎಂದ, ಕಣ್ಣು ಮಿಟುಕಿಸದೆ.

ಶಿಡ್ಲಘಟ್ಟದ ಹತ್ತಿರ ಹಿಪ್ಪುನೇರಳೆ ತೋಟದ ಯಜಮಾನನೊಬ್ಬ ಇದಕ್ಕೆ ತದ್ವಿರುದ್ಧ. ನಾವು ನೀರಿನ ಮಾತೆತ್ತಿದ್ದೇ ತಡ, ‘ನಾಲ್ಕಿಂಚು ಬೀಳ್ತದೆ, ಬೇಸಿಗೇಲೂ ಕಮ್ಮಿ ಆಗಲ್ಲ’ ಎಂದು ಜಗಲಿಯಲ್ಲಿ ಕೂರಿಸಿ ಕಾಫಿ ತರಿಸಿದ. ಕಾಫಿ ಕುಡಿಯುವಾಗ ನನ್ನನ್ನೇ ನೋಡುತ್ತ, ‘ನಮ್ಮ ಹುಡುಗ ಒಬ್ಬನೇ ಮಗ, ಡಿಪ್ಲೊಮಾ ಮಾಡವ್ನೆ’ ಎಂದಾಗ ನನಗೆ ಅರ್ಥವಾಯಿತು. ಮಾಲೀಕರನ್ನು ಮದುವೆ ದಲ್ಲಾಳಿ ಎಂದುಕೊಂಡನೋ ಏನೋ. ಬಾವಿ ನೋಡೋಣ ಎಂದು ಎದ್ದೆವು. ತಳದಲ್ಲಿ ಒಂದು ಒಡೆದ ಕೊಡವೂ ಬಿಸಿಲೂ ಬಿದ್ದುಕೊಂಡಿದ್ದವು. ಟೆಂಪೊ ಹತ್ತಿದ ಮೇಲೆ ಮಾಲೀಕರು ನಕ್ಕರು, ನಾನು ನಗಲಿಲ್ಲ.

ಕೊನೆಗೆ ನಮ್ಮ ನಗರಗೆರೆಗೇ ಹೋದೆವು. ದೊಡ್ಡಪ್ಪನ ಹೊಲದಲ್ಲಿ ಕಲ್ಲು ಕಟ್ಟಿದ ದೊಡ್ಡ ಬಾವಿ, ಬೆನ್ನಿಗೆ ಒಣ ಸೋರೆಬುರುಡೆ ಕಟ್ಟಿಕೊಂಡು ನಾನು ಈಜು ಕಲಿತ ಬಾವಿ. ಈಗ ಅದರೊಳಗೆ ಜಾಲಿ ಬೆಳೆದಿತ್ತು, ಹಳೆ ಟೈರುಗಳಿದ್ದವು. ದೊಡ್ಡಪ್ಪ ನಮ್ಮ ಮನೆಮಾತಾದ ತೆಲುಗಿನಲ್ಲಿ ‘ನೀಳ್ಳು ಎಕ್ಕಡಮ್ಮಾ’ ಎಂದು ಶುರುಮಾಡಿ, ‘ನೀರೆಲ್ಲಿದೆ? ಇದ್ದಿದ್ರೆ ನಿನ್ನ ಕೈಲಿ ಯಾಕೆ ಹುಡುಕಿಸ್ತಿದ್ದೆ’ ಎಂದರು. ಅವತ್ತು ನನಗೆ ದೊಡ್ಡಪ್ಪನ ಮೇಲೆ, ಬಾವಿಯ ಮೇಲೆ, ಹಗ್ಗದಲ್ಲಿ ನೀರು ಸೇದುವ ಆ ಕಾಣದ ದೇಶದ ಹೆಂಗಸರ ಮೇಲೂ ಹೊಟ್ಟೆ ಉರಿಯಿತು. ಉರಿಯಿತು ಎಂದೇ ಹೇಳುತ್ತೇನೆ, ಮುಚ್ಚಿಡುವುದೇನಿದೆ.

ಬಾವಿ ಸಿಕ್ಕಿದ್ದು ನಮ್ಮ ಶೆಡ್ಡಿನ ಮೂಗಿನ ಕೆಳಗೇ, ಸ್ಕಂದಗಿರಿಯ ಬುಡದ ಕಳವಾರದಲ್ಲಿ. ಹಿಂದಿನ ಮಳೆಗಾಲ ಚೆನ್ನಾಗಿ ನಡೆದು ಬೆಟ್ಟದ ನೀರು ಇಳಿದು ಆ ಬಾವಿಯಲ್ಲಿ ನಿಂತಿತ್ತು. ಅದರ ಒಡತಿ ಸೇವಂತಿಗೆ ಬೆಳೆಯುವ ಹೆಂಗಸು. ಗಂಡ ಇಲ್ಲ, ಹೊಲ ನೋಡಿಕೊಳ್ಳಲು ಮೈದುನ ಜೊತೆಗಿದ್ದ. ಹೂವಿನ ಮಡಿಗಳಿಗೆ ಬೇರೆ ಬೋರು, ಅದಕ್ಕೆ ಕರೆಂಟಿನ ಮೋಟಾರು. ತೆರೆದ ಬಾವಿಯ ನೀರನ್ನು ಮನೆ ಬಳಕೆಗೆ ಸೇದಿಕೊಳ್ಳುತ್ತಿದ್ದರು. ಬೆಟ್ಟ ಹತ್ತಲು ಬರುವ ಬೆಂಗಳೂರಿನ ಹುಡುಗರಿಗೂ ಬಾಟಲಿ ತುಂಬಿಸಿಕೊಡುತ್ತಿದ್ದಳಾಕೆ. ನಾವು ಕೇಳಿದ ತಕ್ಷಣ ಒಪ್ಪಿದಳು.

‘ಅದಕ್ಕೇನಂತೆ ಕಣಮ್ಮ. ಅಷ್ಟು ದೂರದಿಂದ ಬರ್ತಾರೆ ಅಂದ್ರೆ ನಮ್ಮ ಪುಣ್ಯ ಅಲ್ವಾ. ಇಳಿಸ್ಕಳಿ.’

ಎಂಜಿನಿಯರ್ ಬರುವ ಹಿಂದಿನ ದಿನ ಪಂಪನ್ನು ಬಾವಿಗೆ ಇಳಿಸಿದೆವು. ಪ್ಲೇಟುಗಳನ್ನು ಕಂಬಗಳ ಮೇಲೆ ಕೂರಿಸಿ, ಬಾವಿಯಿಂದ ಸೇವಂತಿಗೆ ಮಡಿಗಳ ಬದಿಯಲ್ಲಿ ಹಾಯುವಂತೆ ತೊಟ್ಟಿಯವರೆಗೆ ಪೈಪು ಹಾಕಿದೆವು. ಮಾಲೀಕರು ಸ್ವಿಚ್ ಹಾಕಿದರು. ಪೈಪು ಕೆಮ್ಮಿತು, ಗಾಳಿ ಬಿಟ್ಟಿತು, ಆಮೇಲೆ ನೀರು ಬಂತು. ಸಣ್ಣ ಧಾರೆ, ಆದರೆ ಹರಿಯುವುದನ್ನು ನಿಲ್ಲಿಸದ ಧಾರೆ. ಮಾಲೀಕರು ಬಕೆಟ್ ಇಟ್ಟು, ಕೈಗಡಿಯಾರ ನೋಡುತ್ತ ತುಂಬಿಸಿ, ಮನಸ್ಸಿನಲ್ಲೇ ಲೆಕ್ಕ ಹಾಕಿದರು.

‘ಬರೆದಷ್ಟೇ ಬಂತಮ್ಮ’ ಎಂದರು ನನಗೆ. ಅವರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಬಾವಿಯ ಒಡತಿ ಸೊಂಟಕ್ಕೆ ಕೈಯಿಟ್ಟು ನೋಡುತ್ತಿದ್ದಳು. ‘ಇಷ್ಟೇನಾ ಸಾಬ್ರೇ?’ ಎಂದಳು.

‘ಇಷ್ಟೇ ಅಮ್ಮ. ಕರೆಂಟಿಲ್ದೆ, ಡೀಸೆಲಿಲ್ದೆ, ಬಿಸಿಲಿರೋವರೆಗೂ ಇಷ್ಟು.’

ಆಕೆ ಮೈದುನನ ಮುಖ ನೋಡಿದಳು. ಅವನು ನಮ್ಮ ಪೈಪಿನ ಮೇಲೆ ಕಣ್ಣಾಡಿಸಿದ. ನಮಗೆ ಅವತ್ತು ಪಂಪಿನ ಚಿಂತೆ, ಆಕಾಶದ ಚಿಂತೆ. ಮೋಡ ಮುಚ್ಚದಿದ್ದರೆ ಸಾಕು ಎಂದುಕೊಂಡು ಮನೆಗೆ ಹೋದೆವು.

ಮಾರನೆಯ ದಿನ ಮೋಡ ಮುಚ್ಚಲಿಲ್ಲ. ಬಿಸಿಲು ಹೇಳಿ ಮಾಡಿಸಿದಂತಿತ್ತು. ಎಂಜಿನಿಯರ್ ಏಜೆಂಟನ ಕಾರಿನಲ್ಲಿ ಬಂದಿಳಿದರು. ಐವತ್ತರ ಆಚೀಚಿನ ಹೆಂಗಸು, ಕತ್ತರಿಸಿದ ಕೂದಲು, ಧೂಳಿಗೆ ಅಂಜದ ಬೂಟು. ಮಾತು ಕಮ್ಮಿ. ಬಾವಿಯ ಒಡತಿ ಅವರಿಗೆ ತನ್ನದೇ ಸೇವಂತಿಗೆಯ ಹಾರ ಹಾಕಿದಳು, ಎಳನೀರು ಕೊಟ್ಟಳು, ಏಲಕ್ಕಿ ಬಾಳೆಯ ಇಡೀ ಚಿಪ್ಪನ್ನು ಕೈಗಿಟ್ಟಳು. ಬಂದಾಕೆ ಎಲ್ಲವನ್ನೂ ತೆಗೆದುಕೊಂಡು, ಬಾವಿಗೆ ಬಗ್ಗಿ ನೀರಿನ ಮಟ್ಟ ನೋಡಿ, ತಲೆಯಾಡಿಸಿದರು. ‘ನಮ್ಮೂರಲ್ಲೂ ಹೀಗೇ ಇರುತ್ತದೆ’ ಎಂದರು ಇಂಗ್ಲಿಷಿನಲ್ಲಿ.

ಮಾಲೀಕರು ಬಿಸ್ಮಿಲ್ಲಾ ಎಂದು ಸ್ವಿಚ್ ಹಾಕಿದರು.

ಮೊದಲು ನಿನ್ನೆಯ ಹಾಗೆಯೇ ಸಣ್ಣ ಧಾರೆ. ಸ್ವಲ್ಪ ಹೊತ್ತಿಗೆ ಪೈಪು ಒಮ್ಮೆ ಒದ್ದುಕೊಂಡಿತು. ಆಮೇಲೆ ಬಂದ ನೀರು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ತೊಟ್ಟಿಯ ಗೋಡೆಗೆ ಬಡಿದು ಹಾರುವಂಥ ನೀರು. ಎಂಜಿನಿಯರ್ ಬಕೆಟ್ ಕೇಳಿ ಅಳೆದರು, ಹುಬ್ಬೇರಿಸಿದರು. ಮತ್ತೆ ಅಳೆದರು. ಕೈಪಿಡಿ ತೆಗೆದು ನೋಡಿ, ‘ನೀವು ತುಂಬ ಕಡಿಮೆ ಬರೆದುಕೊಂಡಿದ್ದೀರಿ’ ಎಂದರು.

‘ನಮ್ಮ ಬಾಸ್ ಸಂಕೋಚದ ಮನುಷ್ಯ ಮೇಡಂ’ ಎಂದ ಏಜೆಂಟ, ಕೈಪಿಡಿ ತಾನೇ ಬರೆದವನಂತೆ. ನನಗೆ ಕುಣಿಯಬೇಕು ಎನಿಸಿತು. ಆ ತಿಂಗಳ ಬಿಸಿಲು, ಟೆಂಪೊ, ಇಬ್ಬನಿಗೆ ಬೆಳೆಯುವ ಟೊಮೆಟೊ, ಎಲ್ಲ ಮರೆತುಹೋಯಿತು. ಎಂಜಿನಿಯರ್ ಅಂಕಿಗಳನ್ನು ಬರೆದುಕೊಳ್ಳುತ್ತ ‘ಡಿಸೆಂಬರ್ ಒಳಗೆ ಮೊದಲ ಹಡಗಿಗೆ ಹಾಕಬಹುದೇ?’ ಎಂದು ಕೇಳಿದರು. ಅದನ್ನು ಕನ್ನಡ ಮಾಡಿ ಹೇಳಲು ಮಾಲೀಕರತ್ತ ತಿರುಗಿದೆ.

ಅವರು ಅಲ್ಲಿರಲಿಲ್ಲ. ಪ್ಲೇಟುಗಳ ಹತ್ತಿರ ನಿಂತು ಒಮ್ಮೆ ಸೂರ್ಯನನ್ನೂ ಒಮ್ಮೆ ಪೈಪನ್ನೂ ನೋಡುತ್ತಿದ್ದರು. ನಾನು ಹತ್ತಿರ ಹೋದೆ.

‘ಇಷ್ಟು ಬರಲ್ಲಮ್ಮ’ ಎಂದರು ಮೆಲ್ಲಗೆ. ‘ಮೋಟಾರು ಕಟ್ಟಿದೋನು ನಾನು. ಇಷ್ಟು ಬರಲ್ಲ.’

ಆಗಲೇ ಊರೊಳಗಿನ ಹಿಟ್ಟಿನ ಗಿರಣಿಯ ಸದ್ದು ನಿಂತದ್ದು. ಕರೆಂಟು ಹೋಯಿತು. ನಮ್ಮಲ್ಲಿ ದಿನಾ ಹೋಗುವ ಕರೆಂಟು, ಯಾರೂ ತಲೆಯೆತ್ತಿ ನೋಡದ ವಿಷಯ. ಆದರೆ ತೊಟ್ಟಿಗೆ ಬಡಿಯುತ್ತಿದ್ದ ನೀರು ಸದ್ದಡಗಿ, ಬಗ್ಗಿ, ಸಣ್ಣದಾಗಿ, ನಿನ್ನೆಯ ಧಾರೆಗೆ ಬಂದು ನಿಂತಿತು. ನೆತ್ತಿಯ ಮೇಲೆ ಬಿಸಿಲು ಉರಿಯುತ್ತಲೇ ಇತ್ತು.

ಬಿಸಿಲಿನ ಪಂಪಿನ ನೀರು ಕರೆಂಟು ಹೋದದ್ದಕ್ಕೆ ಕಮ್ಮಿಯಾದದ್ದನ್ನು ಅಲ್ಲಿದ್ದವರೆಲ್ಲ ನೋಡಿದರು. ಎಂಜಿನಿಯರ್ ಕೈ ಅಡ್ಡ ಹಿಡಿದು ಸೂರ್ಯನನ್ನು ನೋಡಿದರು. ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ತೊಟ್ಟಿಯಿಂದ ಬಾವಿಯ ಕಡೆಗೆ ಪೈಪಿನ ಜಾಡಿನಲ್ಲೇ ನಡೆದರು. ಸೇವಂತಿಗೆ ಮಡಿಯ ಪಕ್ಕ ಹೊಸದಾಗಿ ಅಗೆದು ಮುಚ್ಚಿದ ಮಣ್ಣಿತ್ತು. ಅದರ ಮೇಲೆ ಬೂಟು ಊರಿ ನಿಂತು ನಮ್ಮನ್ನು ನೋಡಿದರು. ಮಣ್ಣು ಒದ್ದೆಯಾಗಿತ್ತು.

ಮೈದುನ ತಾನೇ ಮುಂದೆ ಬಂದ. ತಲೆ ಕೆರೆದುಕೊಳ್ಳುತ್ತ, ‘ನಮ್ ಬೋರಿಂದ ನಿಮ್ ಪೈಪಿಗೆ ಒಂದು ಲೈನ್ ಕೊಟ್ಟಿದ್ದೆ ಅಷ್ಟೇ. ಮಧ್ಯಾಹ್ನದವರೆಗೂ ಕರೆಂಟು ತೆಗೀಬೇಡ ಅಂತ ಲೈನ್‌ಮನ್‌ಗೂ ಹೇಳಿದ್ದೆ, ಬಡ್ಡೀಮಗ ತೆಗೆದುಬಿಟ್ಟ’ ಎಂದ. ಮೋಸ ಮಾಡಿ ಸಿಕ್ಕಿಬಿದ್ದವನ ಮುಖವಲ್ಲ ಅದು. ಬೀಗರಿಗೆ ಬಡಿಸುವಾಗ ಪಾಯಸ ಸಾಲದೆ ಹೋದ ಮನೆಯವನ ಮುಖ.

ಇದನ್ನು ನಾನು ಇಂಗ್ಲಿಷ್ ಮಾಡಬೇಕಿತ್ತು. ನಮ್ಮಲ್ಲಿ ಸಂಬಂಧ ನೋಡಲು ಬಂದವರಿಗೆ ನೀರು ದೊಡ್ಡದಾಗಿ ತೋರಿಸುತ್ತಾರೆ, ಇವರು ನಿಮ್ಮನ್ನು ಹಾಗೆ ಕಂಡರು, ನಮ್ಮ ಮಾಲೀಕರಿಗೆ ಇದೇನೂ ಗೊತ್ತಿಲ್ಲ ಎಂದು ತಡವರಿಸಿ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ಮಾತು ನನಗೇ ಸುಳ್ಳಿನಂತೆ ಕೇಳಿಸಿತು. ಎಂಜಿನಿಯರ್ ಪೂರ್ತಿ ಕೇಳಿಸಿಕೊಂಡರು.

‘ನಮ್ಮಲ್ಲಿ ಹಸು ಮಾರುವ ದಿನ ಬೆಳಿಗ್ಗೆ ಹಾಲು ಕರೆಯುವುದಿಲ್ಲ, ಕೆಚ್ಚಲು ತುಂಬಿ ಕಾಣಲಿ ಎಂದು’ ಎಂದರು. ‘ಹಾಗಾಗಿ ನೀನು ಹೇಳಿದ್ದನ್ನು ನಂಬುತ್ತೇನೆ.’

ನನಗೆ ಉಸಿರು ಬಂತು. ಮಾಲೀಕರು ಅಷ್ಟರಲ್ಲಿ ಬಕೆಟ್ ಹಿಡಿದುಕೊಂಡು ಬಂದಿದ್ದರು. ಹರಕು ಇಂಗ್ಲಿಷಿನಲ್ಲಿ ‘ಮೇಡಂ, ನೌ. ನೌ ಮೆಷರ್, ಮೇಡಂ’ ಎಂದರು.

ಆಕೆ ಬಕೆಟ್ ತೆಗೆದುಕೊಳ್ಳಲಿಲ್ಲ. ‘ಇವತ್ತು ಎರಡು ಸಲ ಅಳೆದಿದ್ದೇನೆ, ಎರಡು ಸಲವೂ ನಂಬಿದ್ದೇನೆ’ ಎಂದರು ನನ್ನ ಕಡೆ ತಿರುಗಿ. ‘ಮೂರನೆಯ ಸಲ ಅಳೆದು ಊರಿಗೆ ಹೋಗಿ ಏನೆಂದು ಹೇಳಲಿ? ಅಲ್ಲಿ ನನ್ನನ್ನು ಕೇಳುವವರಿದ್ದಾರೆ. ಇದನ್ನೆಲ್ಲ ಅವರಿಗೆ ಹೇಗೆ ಬಿಡಿಸಿ ಹೇಳಲಿ?’ ಅದರಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಕಾರಿನ ಹತ್ತಿರ ಹೋದವರು ಮತ್ತೆ ತೊಟ್ಟಿಯ ಕಡೆ ನೋಡಿದರು. ಸಣ್ಣ ಧಾರೆ ಸುರಿಯುತ್ತಲೇ ಇತ್ತು.

‘ಈಗ ಬರುತ್ತಿರುವುದು ನಿಮ್ಮ ಪಂಪಿನದೇ?’

‘ಹೌದು ಮೇಡಂ. ಅದೊಂದೇ.’

‘ನಮ್ಮ ಹಳ್ಳಿಗಳಿಗೆ ಅದು ಧಾರಾಳವಾಗಿತ್ತು’ ಎಂದು ಹೇಳಿ ಕಾರು ಹತ್ತಿದರು. ಕೊರಳ ಹಾರವನ್ನು ತೆಗೆದಿರಲಿಲ್ಲ. ಏಜೆಂಟ ನಮ್ಮ ಕಡೆ ತಿರುಗಿಯೂ ನೋಡದೆ ಬಾಗಿಲು ಹಾಕಿಕೊಂಡ.

ಧೂಳು ಅಡಗುವ ಮೊದಲೇ ನಾನು ಬಾವಿಯ ಒಡತಿಯ ಮೇಲೆ ಹರಿಹಾಯ್ದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮನ್ನು ಯಾರು ಕೇಳಿದ್ದರು, ನಿಮ್ಮ ಬೋರಿನ ನೀರು ಯಾರಿಗೆ ಬೇಕಿತ್ತು, ಒಬ್ಬ ಮನುಷ್ಯ ವರ್ಷಗಟ್ಟಲೆ ಕೂತು ಕಟ್ಟಿದ್ದನ್ನು ಒಂದು ಬೆಳಿಗ್ಗೆ ಮುಳುಗಿಸಿದಿರಲ್ಲ ಎಂದು ಕಿರುಚಿದೆ. ಆಕೆ ಕೊನೆಗೆ ಅಳುತ್ತಲೇ ಗದರಿದಳು.

‘ಸಮುದ್ರ ದಾಟ್ಕಂಡು ನಮ್ ಹೊಲಕ್ಕೆ ಬಂದವ್ರೆ. ಇಲಿ ಬಾಲದಂಗೆ ನೀರು ತೋರ್ಸಿ ಕಳ್ಸಕ್ಕಾಗುತ್ತೇನಮ್ಮ? ಸಾಬ್ರ ಮರ್ವಾದೆ ಉಳೀಲಿ ಅಂತ್ಲೇ ಅಲ್ವಾ ಮಾಡಿದ್ದು? ನಿಮ್ಮನೇಲಿ ಹಿಂಗೆ ಮಾಡಿಲ್ವಾ ಯಾವತ್ತೂ?’

ಮಾಡಿದ್ದರು. ನಮ್ಮ ಅಕ್ಕನನ್ನು ನೋಡಲು ಬಂದಾಗ ದೊಡ್ಡಪ್ಪನ ಬೋರಿನ ಪೈಪು ನಮ್ಮ ತೊಟ್ಟಿಗೆ ಬಂದಿತ್ತು. ಸಿಟ್ಟು ಮಾತ್ರ ಇಷ್ಟು ವರ್ಷವಾದರೂ ಪೂರ್ತಿ ಇಳಿದಿಲ್ಲ. ಯಾರನ್ನು ಬೈಯಲಿ? ಕರೆಂಟನ್ನೇ? ಬೇಕಾದಾಗ ಒಂದು ದಿನವೂ ಇರದ ಆ ಕರೆಂಟು ಅವತ್ತು ಇನ್ನೊಂದು ಗಳಿಗೆ ಇದ್ದಿದ್ದರೆ ಆರ್ಡರು ನಮ್ಮದಾಗುತ್ತಿತ್ತು. ಆಗಿ ಏನು? ಅಲ್ಲಿನ ಬಾವಿಗಳಲ್ಲಿ ಪಂಪು ಇಳಿಸಿ, ಇಲ್ಲಿ ನೋಡಿದ ನೀರು ಅಲ್ಲಿ ಬರುವುದಿಲ್ಲವೆಂದು ಅವರು ನಮಗೆ ಶಾಪ ಹಾಕುತ್ತಿದ್ದರು. ಮಾಲೀಕರು ಅದನ್ನು ಒಪ್ಪುತ್ತಲೂ ಇರಲಿಲ್ಲ. ಕರೆಂಟು ಹೋಗದಿದ್ದರೂ ಅವರೇ ಬಾಯಿಬಿಟ್ಟು ಹೇಳುತ್ತಿದ್ದರು ಎಂದು ನನಗೆ ಗೊತ್ತು, ಆಗಲೇ ಹೇಳಲು ಹೊರಟಿದ್ದರು. ಹೇಳುವ ಅವಕಾಶವೂ ಸಿಗಲಿಲ್ಲವಲ್ಲ ಎಂಬುದೇ ನನ್ನ ಸಂಕಟ.

ಆಮೇಲೆ ನಾನು ಎಷ್ಟೋ ಮೇಲ್ ಕಳಿಸಿದೆ. ಒಂದಕ್ಕೆ ಉತ್ತರ ಬಂತು, ಬೇರೆ ಕಡೆ ಆರ್ಡರು ಕೊಟ್ಟಾಯಿತು ಎಂದು, ಬಹಳ ಮರ್ಯಾದೆಯ ಮಾತುಗಳಲ್ಲಿ. ಮಾಲೀಕರು ಹೇಳಿದಂತೆಯೇ ಶೆಡ್ಡು ಬಿಟ್ಟುಕೊಟ್ಟರು. ಶಿಡ್ಲಘಟ್ಟಕ್ಕೆ ಹೋಗಿ ಅಣ್ಣಂದಿರ ಜೊತೆ ನೂಲಿನ ಕೆಲಸಕ್ಕೆ ನಿಂತರು. ನಾನು ಗೌರಿಬಿದನೂರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡಲು ಸೇರಿಕೊಂಡೆ. ಈಗ ನಮ್ಮ ಕಡೆಯ ಹೊಲಗಳಲ್ಲೂ ಅಲ್ಲಲ್ಲಿ ಸೋಲಾರ್ ಪ್ಲೇಟು ಕಾಣುತ್ತವೆ. ಬಸ್ಸಿನಲ್ಲಿ ಹೋಗುವಾಗ ಕಂಡರೆ ನಾನು ಮುಖ ತಿರುಗಿಸಿಕೊಳ್ಳುತ್ತೇನೆ.

ಆದರೆ ಅವತ್ತಿನ ಮಧ್ಯಾಹ್ನ ಇನ್ನೂ ಮುಗಿದಿರಲಿಲ್ಲ. ಕಾರು ಹೋಯಿತು, ಜಗಳ ಮುಗಿಯಿತು, ಆಕೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದಳು. ಮೈದುನ ಮಣ್ಣು ಬಗೆದು ತನ್ನ ಪೈಪು ಬಿಚ್ಚತೊಡಗಿದ. ಮಾಲೀಕರು ತೊಟ್ಟಿಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು ಧಾರೆಯ ಕೆಳಗೆ ಬಕೆಟ್ ಇಟ್ಟರು. ಗಡಿಯಾರ ನೋಡಿದರು. ತುಂಬಿದ ಮೇಲೆ ನೀರನ್ನು ಸೇವಂತಿಗೆಯ ಬುಡಕ್ಕೆ ಸುರಿದು ಮತ್ತೆ ಇಟ್ಟರು.

‘ನೋಡಮ್ಮ’ ಎಂದರು, ‘ಬರೆದಷ್ಟೇ ಇದೆ.’

‘ಹೌದು ಸಾರ್.’

ಬಕೆಟ್ ಮತ್ತೆ ತುಂಬಿತು. ಮತ್ತೆ ಗಡಿಯಾರ ನೋಡಿದರು, ಮತ್ತೆ ನನ್ನ ಮುಖ ನೋಡಿದರು. ನಾನು ತಲೆಯಾಡಿಸಿದೆ. ಅವರ ಹಿಂದೆ ನಿಂತು ಕಣ್ಣೊರೆಸಿಕೊಂಡೆ.

‘ಹೋಗಣ ಸಾರ್’ ಎಂದೆ ಕೊನೆಗೆ.

ಅವರು ಏಳಲಿಲ್ಲ. ಖಾಲಿ ಬಕೆಟನ್ನು ಮತ್ತೆ ಧಾರೆಯ ಕೆಳಗೆ ಸರಿಸಿದರು.

‘ತಡಿಯಮ್ಮ’ ಎಂದರು. ‘ಇನ್ನೂ ಬಿಸಿಲಿದೆ.’